ಬೇಸಿಗೆ ಕೊನೆಗೆ ಹಿತ್ತಲಲ್ಲಿ ನೀಲಿ ಹೂ: ವಿಜಯಪುರ, ಬಾಗಲಕೋಟೆ, ಬೆಳಗಾವಿಯವರಿಗೆ ಒಂದು ಮಾರ್ಗದರ್ಶಿ

ಏಪ್ರಿಲ್ ಬಂತೆಂದರೆ ಓದುಗರಿಂದ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರತೊಡಗುತ್ತದೆ. ಬಿಸಿಲಿಗೆ ದಾಸವಾಳ, ಕಾಗದದ ಹೂ ಬಿಟ್ಟರೆ ಮತ್ತೇನೂ ನಿಲ್ಲುವುದಿಲ್ಲ, ಕಣ್ಣಿಗೆ ತಂಪಾಗುವಂಥ ನೀಲಿ ಹೂ ಯಾವುದಾದರೂ ಇದೆಯೇ? ಇದ್ದರೆ ಈಗ ಹಚ್ಚಬಹುದೇ?

ಇದೆ, ಒಂದಲ್ಲ, ಏಳೆಂಟು. ಆದರೆ ಎರಡನೆಯ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ‘ಇಲ್ಲ’. ಮೇ ತಿಂಗಳ ಹೂವಿಗೆ ಫೆಬ್ರುವರಿಯಲ್ಲೇ ಕೆಲಸ ಶುರುವಾಗಬೇಕು. ಬಿಸಿಲು ಏರುವ ಮೊದಲು ಬೇರು ಕೆಳಗಿಳಿದ ಗಿಡ 41–42 ಡಿಗ್ರಿಯಲ್ಲೂ ಹೂ ಬಿಡುತ್ತದೆ. ಅದೇ ಗಿಡವನ್ನು ಯುಗಾದಿ ಕಳೆದ ಮೇಲೆ ತಂದು ನೆಟ್ಟರೆ ಜೀವ ಉಳಿಸಿಕೊಳ್ಳುವುದರಲ್ಲೇ ಬೇಸಿಗೆ ಮುಗಿಯುತ್ತದೆ.

ಇನ್ನೊಂದು ಗೊಂದಲವನ್ನು ಮೊದಲೇ ಬಿಡಿಸಿಬಿಡೋಣ. ಯೂರೋಪು, ಅಮೆರಿಕದ ವಿಡಿಯೋಗಳಲ್ಲಿ ‘ಬೇಸಿಗೆ ಕೊನೆ’ ಎಂದರೆ ಆಗಸ್ಟ್–ಸೆಪ್ಟೆಂಬರ್. ನಮಗೆ ಅದು ಮಳೆಗಾಲ. ನಮ್ಮ ಬೇಸಿಗೆ ಕೊನೆ ಎಂದರೆ ಕೃತ್ತಿಕಾ, ರೋಹಿಣಿ ಮಳೆಗಳ ಕಾಲ, ಅಂದರೆ ಮೇ ನಡುವಿನಿಂದ ಮಿರಗ ಹತ್ತುವ ಜೂನ್ 7–8ರವರೆಗೆ. ಆ ವಿಡಿಯೋಗಳಲ್ಲಿ ತೋರಿಸುವ ಡೆಲ್ಫಿನಿಯಂ, ಲೊಬೇಲಿಯಾ, ಕಾರ್ನ್‌ಫ್ಲವರ್ ಇವೆಲ್ಲ ನಮ್ಮಲ್ಲಿ ಚಳಿಗಾಲದ ಗಿಡಗಳು. ಅಕ್ಟೋಬರಿನಲ್ಲಿ ಬಿತ್ತಿದರೆ ಶಿವರಾತ್ರಿ ಹೊತ್ತಿಗೆ ಹೂವಾಗಿ, ಹೋಳಿ ದಾಟುವಷ್ಟರಲ್ಲಿ ಒಣಗುತ್ತವೆ. ಮೇಯಲ್ಲಿ ಅವು ಅರಳುತ್ತವೆಂದು ಯಾರಾದರೂ ಬೀಜದ ಪೊಟ್ಟಣ ಮಾರಿದರೆ ಕೊಳ್ಳಬೇಡಿ.

ಹಂತ 1: ಬಿಸಿಲು ಎಲ್ಲಿ ಬೀಳುತ್ತದೆ ಎಂದು ನೋಡಿ

ಫೆಬ್ರುವರಿಯಲ್ಲಿ ನಿಂತು ನೋಡಿದ ನೆರಳನ್ನು ನಂಬಿ ಜಾಗ ಗೊತ್ತುಮಾಡಬೇಡಿ. ಆಗ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಮನೆಯ ಉತ್ತರದ ಗೋಡೆ ಇಡೀ ದಿನ ನೆರಳಲ್ಲಿರುತ್ತದೆ. ಮೇ ಮೊದಲ ವಾರದ ಹೊತ್ತಿಗೆ ನಮ್ಮ ಮೂರೂ ಜಿಲ್ಲೆಗಳಲ್ಲಿ ಸೂರ್ಯ ನಡುನೆತ್ತಿಗೆ ಬಂದು, ಆಮೇಲೆ ಉತ್ತರಕ್ಕೆ ಸರಿಯುತ್ತಾನೆ. ತಣ್ಣಗಿದೆ ಎಂದುಕೊಂಡ ಉತ್ತರದ ಗೋಡೆಗೂ ಆಗ ನೇರ ಬಿಸಿಲು ಬೀಳುತ್ತದೆ. ಇದು ಕಷ್ಟವೂ ಹೌದು, ಅನುಕೂಲವೂ ಹೌದು. ಚಳಿಗಾಲದಲ್ಲಿ ಏನೂ ಬೆಳೆಯದ ಆ ಜಾಗದಲ್ಲಿ ಬೇಸಿಗೆಗೆ ಹೂ ಸಿಗುತ್ತದೆ.

ಎಲ್ಲಕ್ಕಿಂತ ಒಳ್ಳೆಯದು ಪೂರ್ವದ ಕಡೆ. ಮಧ್ಯಾಹ್ನ ಒಂದು–ಎರಡು ಗಂಟೆವರೆಗೆ ಬಿಸಿಲು, ಆಮೇಲೆ ಮನೆಯ ನೆರಳು. ಪಶ್ಚಿಮದ ಕಾಂಪೌಂಡ್ ಗೋಡೆ ಎಲ್ಲಕ್ಕಿಂತ ಕೆಟ್ಟದ್ದು. ಸಂಜೆ ಏಳಕ್ಕೆ ಕೈಯಿಟ್ಟು ನೋಡಿ, ಕಲ್ಲು ಇನ್ನೂ ಸುಡುತ್ತಿರುತ್ತದೆ. ಅಲ್ಲಿ ಗಿಡ ಹಚ್ಚಲೇಬೇಕೆಂದರೆ ಗೋಡೆಯಿಂದ ಎರಡು ಅಡಿ ದೂರ ಬಿಡಿ. ಬಳ್ಳಿಯನ್ನು ಗೋಡೆಗೆ ತಾಗಿಸದೆ ತಂತಿ ಕಟ್ಟಿ ಹಬ್ಬಿಸಿ.

ಬೆಳಗಾವಿ ನಗರದವರಿಗೆ, ಖಾನಾಪುರ ಕಡೆಯವರಿಗೆ ಈ ಚಿಂತೆ ಅಷ್ಟಿಲ್ಲ. ಎತ್ತರದ ಊರು, ಸಂಜೆ ಗಾಳಿ ತಂಪು, ಮೇಯಲ್ಲಿ ಗುಡುಗಿನ ಮಳೆಯೂ ಒಂದೆರಡು ಬರುತ್ತದೆ. ನಿಮಗೆ ಗಿಡಗಳ ಆಯ್ಕೆಯೂ ಹೆಚ್ಚು.

ಹಂತ 2: ಗಿಡ ಆರಿಸಿ

ಮೊದಲ ಸಲ ಮಾಡುವವರು ಎರಡೇ ಗಿಡ ಹಿಡಿಯಿರಿ: ಶಂಖಪುಷ್ಪ ಮತ್ತು ನೀಲಿ ಚಿತ್ರಮೂಲ. ಇವೆರಡು ಬದುಕಿದರೆ ಉಳಿದವನ್ನು ಮುಂದಿನ ವರ್ಷ ನೋಡಿಕೊಳ್ಳಬಹುದು.

*ಶಂಖಪುಷ್ಪ.* ಗಿರಿಕರ್ಣಿಕೆ ಎಂದೂ ಕರೆಯುತ್ತಾರೆ. ಬೆಳಗಾವಿಯ ಮರಾಠಿ ಮನೆಗಳಲ್ಲಿ ಇದು ಗೋಕರ್ಣ. ಶನಿವಾರದ ಪೂಜೆಗೆ ಬೇಕೆಂದು ಕೇಳುವವರೆಲ್ಲ ಕೇಳುವುದು ಇದನ್ನೇ. ನಮ್ಮ ಬಿಸಿಲಲ್ಲಿ ಗಾಢ ನೀಲಿ ಕೊಡುವ ಬಳ್ಳಿ ಇದಕ್ಕಿಂತ ಸುಲಭದ್ದು ಇಲ್ಲ. ಬೆಳಿಗ್ಗೆ ಒಂದು ಹೂ ಕಿತ್ತು ನೋಡಿ. ದೊಡ್ಡ ಎಸಳೊಂದು ಅಗಲವಾಗಿ ಹರಡಿರುತ್ತದೆ, ಅದರ ನಡುವೆ ಹಳದಿ ಬೆರೆತ ಬಿಳಿ ಪಟ್ಟೆ, ಪಟ್ಟೆಯಿಂದ ಅಂಚಿಗೆ ಹೋಗುವ ಸಣ್ಣ ಗೆರೆಗಳು. ಒಂಟಿ ಎಸಳಿನದು, ಸುತ್ತು ಎಸಳಿನದು ಎಂದು ಎರಡು ಬಗೆ. ಪೂಜೆಗೆ ಸುತ್ತು ಎಸಳಿನದನ್ನು ಜನ ಇಷ್ಟಪಡುತ್ತಾರೆ. ಹಿತ್ತಲಿಗೆ ನನ್ನ ಓಟು ಒಂಟಿ ಎಸಳಿಗೆ, ಹೂವಿನ ಆಕಾರ ಅದರಲ್ಲೇ ಚೆನ್ನ.

ಇದು ದ್ವಿದಳ ಜಾತಿಯದು, ಅಂದರೆ ತೊಗರಿ, ಹೆಸರಿನ ಬಳಗ. ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತವೆ. ಹಾಗಾಗಿ ಯೂರಿಯಾ ಬೇಡ. ಹಾಕಿದರೆ ಎಲೆಯೇ ಎಲೆ, ಹೂ ಇಲ್ಲ. ಇನ್ನೊಂದು ಮಾತು: ಇದು ಒಳ್ಳೆಯ ಮೇವು. ಆಡು, ದನ ಬರುವ ಕಡೆ ಬೇಲಿ ಇಲ್ಲದೆ ಹಚ್ಚಿದರೆ ಒಂದೇ ದಿನದಲ್ಲಿ ಬುಡ ಮಾತ್ರ ಉಳಿಯುತ್ತದೆ.

*ನೀಲಿ ಚಿತ್ರಮೂಲ.* ನರ್ಸರಿಯಲ್ಲಿ ‘ಪ್ಲಂಬಾಗೋ’ ಎಂದು ಕೇಳಿ. ಮೂಲ ದಕ್ಷಿಣ ಆಫ್ರಿಕಾ, ಒಣ ಹವೆ ಅದಕ್ಕೆ ಹೊಸದಲ್ಲ. ತೆಳು ಆಕಾಶನೀಲಿ ಹೂ, ಗೊಂಚಲು ಗೊಂಚಲು. ಹೂವಿನ ಕೆಳಗಿನ ಹಸಿರು ಪುಷ್ಪಪಾತ್ರೆಯ ಮೇಲೆ ಅಂಟಂಟಾದ ಕೂದಲಿರುತ್ತವೆ. ಗಿಡದ ಪಕ್ಕ ಹಾದುಹೋದರೆ ಸೀರೆ ಸೆರಗಿಗೆ, ಧೋತರಕ್ಕೆ ಹೂ ಅಂಟಿಕೊಂಡು ಬರುತ್ತದೆ. ಆದ್ದರಿಂದ ಓಡಾಡುವ ದಾರಿಗೆ ಒತ್ತಿ ಹಚ್ಚಬೇಡಿ. ಇದರ ರಸ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ, ಕತ್ತರಿಸುವಾಗ ಕೈಗವಸು ಇರಲಿ. ನಮ್ಮ ಹೊಲದ ಬದುವಿನಲ್ಲಿ ಬಿಳಿ ಹೂ ಬಿಡುವ ಚಿತ್ರಮೂಲ ಇದರ ಬಂಧು, ಆದರೆ ಗಿಡ ಬೇರೆ. ಮನೆಮದ್ದಿಗೆಂದು ಒಂದರ ಬದಲು ಇನ್ನೊಂದನ್ನು ಕಿತ್ತುಕೊಳ್ಳುವುದು ಬೇಡ.

*ಬ್ಲೂ ಡೇಜ್.* ಎವಾಲ್ವುಲಸ್ ಎಂದೂ ಬೋರ್ಡು ಹಾಕಿರುತ್ತಾರೆ. ಬ್ರೆಜಿಲ್ ಕಡೆಯ ಗಿಡ. ನಮ್ಮ ಬಯಲಿನ ಗರಸು ಮಣ್ಣಲ್ಲಿ ತಾನಾಗಿ ಹುಟ್ಟುವ ವಿಷ್ಣುಕ್ರಾಂತಿ ಇದರ ಸಮೀಪದ ಬಂಧು, ಅದರ ಹೂ ಮಾತ್ರ ಸಣ್ಣದು. ಬ್ಲೂ ಡೇಜ್ ಕುಂಡದಲ್ಲಿ, ತೂಗುಬುಟ್ಟಿಯಲ್ಲಿ ಚೆನ್ನಾಗಿ ಬರುತ್ತದೆ. ಬೆಳಿಗ್ಗೆ ಅರಳಿ ಮಧ್ಯಾಹ್ನದ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ. ಸಂಜೆ ಆಫೀಸಿನಿಂದ ಬಂದು ಗಿಡ ನೋಡುವವರು ಇದನ್ನು ತಂದು ಬೇಸರಪಡಬೇಡಿ. ನಿಮಗೆ ಚಿತ್ರಮೂಲವೇ ಸರಿ, ಅದರ ತೆಳು ನೀಲಿ ಮುಸ್ಸಂಜೆಯಲ್ಲೂ ಎದ್ದು ಕಾಣುತ್ತದೆ.

*ದುರಂತಾ.* ಬೇಲಿಗೆ ಹಚ್ಚುವುದು. ಇಲ್ಲಿ ಜನ ಮೋಸಹೋಗುವುದು ಬಣ್ಣದ ಎಲೆಗೆ. ಹಳದಿ ಎಲೆಯ ದುರಂತಾವನ್ನು ತಿಂಗಳಿಗೊಮ್ಮೆ ಕತ್ತರಿ ಹಾಕಿ ಚೌಕಾಕಾರ ಮಾಡುತ್ತಾರೆ, ಅದು ಹೂವನ್ನೇ ಬಿಡುವುದಿಲ್ಲ. ಹೂ ಬರುವುದು ಹೊಸ ಚಿಗುರಿನ ತುದಿಯಲ್ಲಿ. ಹಸಿರು ಎಲೆಯ, ನೇರಳೆ ಎಸಳಿಗೆ ಬಿಳಿ ಅಂಚಿರುವ ಜಾತಿ ಕೇಳಿ ತನ್ನಿ, ಉದ್ದಕ್ಕೆ ಬಾಗಿ ಬೆಳೆಯಲು ಬಿಡಿ. ಹೂವಿನ ನಂತರ ಕಿತ್ತಳೆ ಬಣ್ಣದ ಮಣಿಗಳಂಥ ಕಾಯಿ ಬಿಡುತ್ತದೆ. ಅವು ವಿಷ. ಸಣ್ಣ ಮಕ್ಕಳು, ಸಾಕುಪ್ರಾಣಿಗಳು ಇರುವ ಮನೆಯಲ್ಲಿ ಈ ಗಿಡ ಬೇಡ.

*ಲಕ್ಕಿ ಗಿಡ.* ಇದನ್ನು ಯಾರೂ ಹೂಗಿಡ ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ, ಅದು ನನಗೆ ಸರಿ ಕಾಣುವುದಿಲ್ಲ. ಬಾಣಂತಿಗೆ, ಮೈಕೈ ನೋವಿಗೆ ಸೊಪ್ಪು ಕಿತ್ತುಕೊಂಡು ಬರುವ ಅದೇ ಲಕ್ಕಿ ಹಳ್ಳದ ದಂಡೆಯಲ್ಲಿ ನೀಲಿ ಬೆರೆತ ತೆಳು ನೇರಳೆ ಹೂ ತೆನೆ ಬಿಡುತ್ತದೆ. ಜೇನುಹುಳು ಮುತ್ತುತ್ತವೆ. ಆಡು ಮುಟ್ಟುವುದಿಲ್ಲ. ಹಿತ್ತಲ ಅಂಚಿಗೆ ಜಾಗವಿದ್ದರೆ ಮಳೆಗಾಲದಲ್ಲಿ ಒಂದು ಕೋಲು ಊರಿಬಿಡಿ, ಆಮೇಲೆ ಅದಕ್ಕೆ ನಿಮ್ಮ ಗೊಡವೆ ಬೇಕಿಲ್ಲ.

*ರುಯೆಲಿಯಾ.* ಎಂಥ ಮಣ್ಣಲ್ಲೂ ಬರುತ್ತದೆ, ಬೇಸಿಗೆಯಲ್ಲಿ ದಿನಾ ಹೂ. ಹಾಗಾಗಿಯೇ ಹುಷಾರಿರಬೇಕು. ಕಾಯಿ ಸಿಡಿದು ಬೀಜ ದೂರ ಹಾರುತ್ತದೆ. ಗಿಡ್ಡ ಜಾತಿಯದನ್ನು ಕುಂಡದಲ್ಲಿ ಇಟ್ಟುಕೊಳ್ಳಿ. ಆಲಮಟ್ಟಿ, ಘಟಪ್ರಭಾ ಕಾಲುವೆ ನೀರು ಹರಿಯುವ ಹೊಲಗಳ ಹತ್ತಿರ ಉದ್ದ ಜಾತಿಯದನ್ನು ಹಚ್ಚಲೇಬೇಡಿ, ಹಸಿ ಜಾಗ ಸಿಕ್ಕರೆ ಅದು ಕಳೆಯಾಗಿ ಹಬ್ಬುತ್ತದೆ.

ಬೆಳಗಾವಿಯವರು ಪೊದೆಯಾಗಿ ಬೆಳೆಯುವ ಥನ್‌ಬರ್ಜಿಯಾವನ್ನೂ ಸೇರಿಸಿಕೊಳ್ಳಬಹುದು. ಗಾಢ ನೇರಳೆ–ನೀಲಿ ಹೂ, ಗಂಟಲಲ್ಲಿ ಹಳದಿ. ವಿಜಯಪುರದಲ್ಲಿ ಮಧ್ಯಾಹ್ನದ ನೆರಳಿಲ್ಲದೆ ಅದು ಸೊರಗುತ್ತದೆ.

ಇನ್ನು, ಕೇಳಿ ಕೇಳಿ ಸಾಕಾದ ಎರಡು ಹೆಸರು. ಹೈಡ್ರೇಂಜಿಯಾ: ಊಟಿಯಲ್ಲಿ, ಮಹಾಬಳೇಶ್ವರದಲ್ಲಿ ನೋಡಿ ಬಂದವರೆಲ್ಲ ಕೇಳುತ್ತಾರೆ. ಅದು ನೀಲಿಯಾಗಲು ಹುಳಿ ಮಣ್ಣು ಬೇಕು. ಅಂಥ ಮಣ್ಣಲ್ಲಿ ಮಾತ್ರ ಅಲ್ಯೂಮಿನಿಯಂ ಕರಗಿ ಹೂವಿಗೆ ಏರಿ ನೀಲಿ ಕೊಡುತ್ತದೆ. ನಮ್ಮ ಎರೆ ಮಣ್ಣು ಕ್ಷಾರದ್ದು. ಹೂ ಬಂದರೂ ಗುಲಾಬಿ ಬಣ್ಣ, ಅದಕ್ಕೂ ಮೊದಲು ಬಿಸಿಲಿಗೆ ಎಲೆ ಸುಟ್ಟಿರುತ್ತದೆ. ನೀಲಿ ಗುಲಾಬಿ: ಆನ್‌ಲೈನಿನಲ್ಲಿ ಬೀಜ ಮಾರುತ್ತಾರೆ, ಅದು ಶುದ್ಧ ಮೋಸ. ಗುಲಾಬಿಗೆ ನೀಲಿ ವರ್ಣದ್ರವ್ಯ ಮಾಡುವ ಶಕ್ತಿಯೇ ಇಲ್ಲ. ಜಪಾನಿನ ಸಂಟೋರಿ ಕಂಪನಿ ಬೇರೆ ಗಿಡದ ವಂಶವಾಹಿ ಸೇರಿಸಿ 2009ರಲ್ಲಿ ಮಾರುಕಟ್ಟೆಗೆ ತಂದದ್ದೂ ತೆಳು ನೇರಳೆಯೇ. ಹೂವಿನಂಗಡಿಯ ನೀಲಿ ಗುಲಾಬಿಗೆ ಬಣ್ಣ ಕುಡಿಸಿರುತ್ತಾರೆ, ಅಷ್ಟೇ.

ಹಂತ 3: ಮಣ್ಣು ಸರಿಮಾಡಿ (ಜನವರಿ ಕೊನೆ)

ಎರೆ ಮಣ್ಣಿನ ತೊಂದರೆ ಎರಡು. ನೀರು ಹೆಚ್ಚಾದರೆ ಕೆಸರಾಗಿ ಬೇರು ಕೊಳೆಯುತ್ತದೆ, ಒಣಗಿದರೆ ಬಿರುಕು ಬಿಟ್ಟು ಬೇರು ಹರಿಯುತ್ತದೆ. ಒಂದೂವರೆ ಅಡಿ ಅಗಲ, ಅಷ್ಟೇ ಆಳದ ಗುಂಡಿ ತೋಡಿ. ತೆಗೆದ ಮಣ್ಣಿಗೆ ಅರ್ಧದಷ್ಟು ಮಸಾರಿ ಮಣ್ಣು, ಚೆನ್ನಾಗಿ ಕೊಳೆತ ತಿಪ್ಪೆ ಗೊಬ್ಬರ ಒಂದು ಬುಟ್ಟಿ, ಬೇವಿನ ಹಿಂಡಿ ಎರಡು ಹಿಡಿ ಬೆರೆಸಿ ತುಂಬಿ. ಬೇವಿನ ಹಿಂಡಿ ಒರಲೆಗಾಗಿ. ಅರ್ಧ ಕೊಳೆತ ಗೊಬ್ಬರ ಹಾಕಿದರೆ ಒರಲೆಯನ್ನು ನೀವೇ ಕರೆದಂತೆ. ಮಸಾರಿ ನೆಲದ ಬಾಗಲಕೋಟೆ, ಬಾದಾಮಿ ಕಡೆಯವರು ಗೊಬ್ಬರ ಮಾತ್ರ ಹೆಚ್ಚು ಹಾಕಿದರೆ ಸಾಕು.

ಕುಂಡಕ್ಕೆ 12 ಇಂಚಿಗಿಂತ ಚಿಕ್ಕದು ಬೇಡ. ಮಾಳಿಗೆ ಮೇಲೆ ಕಪ್ಪು ಪ್ಲಾಸ್ಟಿಕ್ ಕುಂಡ ಇಡಬೇಡಿ, ಮೇಯಲ್ಲಿ ಒಳಗಿನ ಮಣ್ಣು ಕುದಿಯುತ್ತದೆ. ಮಣ್ಣಿನ ಕುಂಡ ಇಲ್ಲದಿದ್ದರೆ ಪ್ಲಾಸ್ಟಿಕ್ ಕುಂಡದ ಸುತ್ತ ಗೋಣಿಚೀಲ ಸುತ್ತಿ. ತೆಂಗಿನ ನಾರಿನ ಪುಡಿ, ಅಂದರೆ ಕೊಕೊಪೀಟ್ ಬಳಸುವುದಾದರೆ ಎರಡು ಸಲ ನೀರಲ್ಲಿ ನೆನೆಸಿ ಹಿಂಡಿ ಹಾಕಿ. ಅದರಲ್ಲಿ ಉಪ್ಪು ಉಳಿದಿರುತ್ತದೆ, ನಮ್ಮ ನೀರಿನ ಉಪ್ಪೇ ಸಾಕಷ್ಟಿದೆ.

ಹಂತ 4: ಬಿತ್ತಿ, ನೆಡಿ (ಫೆಬ್ರುವರಿ)

ಶಂಖಪುಷ್ಪದ ಬೀಜದ ಸಿಪ್ಪೆ ಬಹಳ ಗಟ್ಟಿ. ಹಾಗೇ ಹಾಕಿದರೆ ತಿಂಗಳಾದರೂ ಮೊಳಕೆ ಬರದೆ ಇರಬಹುದು. ಹಾರ್ಡ್‌ವೇರ್ ಅಂಗಡಿಯ ಪಾಲಿಶ್ ಪೇಪರಿನಿಂದ ಬೀಜದ ಒಂದು ಬದಿಯನ್ನು ಎರಡು ಸಲ ಉಜ್ಜಿ. ಕಪ್ಪು ಹೋಗಿ ಒಳಗಿನ ಬಿಳಿ ಇಣುಕಿದರೆ ನಿಲ್ಲಿಸಿ. ಬೀಜದ ‘ಕಣ್ಣು’ ಇರುವ ಬದಿಯನ್ನು ಉಜ್ಜಬೇಡಿ, ಮೊಳಕೆ ಅಲ್ಲಿಂದಲೇ. ರಾತ್ರಿಯಿಡೀ ನೀರಲ್ಲಿ ನೆನೆಸಿ. ಬೆಳಿಗ್ಗೆ ಉಬ್ಬಿದವನ್ನು ಮಾತ್ರ ಅರ್ಧ ಇಂಚು ಆಳಕ್ಕೆ ಹಾಕಿ, ಉಬ್ಬದವನ್ನು ಮತ್ತೆ ಉಜ್ಜಿ. ಒಂದೆರಡು ವಾರದಲ್ಲಿ ಮೊಳೆಯುತ್ತವೆ. ಟ್ರೇಯಲ್ಲಿ ಬೆಳೆಸಿ ಕಿತ್ತು ನೆಡುವುದು ಬೇಡ, ಬೇರು ಕದಲಿದರೆ ಅದಕ್ಕೆ ಆಗುವುದಿಲ್ಲ. ಬೆಳೆಯಬೇಕಾದ ಜಾಗದಲ್ಲೇ ಬಿತ್ತಿ. ಅರ್ಧ ಅಡಿ ಆದಾಗ ತುದಿ ಚಿವುಟಿ, ಕವಲು ಒಡೆಯುತ್ತದೆ. ಬಿತ್ತಿದ ಆರರಿಂದ ಎಂಟು ವಾರಕ್ಕೆ ಹೂ ಶುರು, ಅಂದರೆ ಏಪ್ರಿಲ್ ನಡುವಿಗೆ.

ಉಳಿದವನ್ನು ನರ್ಸರಿಯಿಂದ ಗಿಡವಾಗಿಯೇ ತನ್ನಿ. ಹೂ ತುಂಬಿದ ಗಿಡ ಆರಿಸಬೇಡಿ. ಬುಡದಿಂದ ಮೂರ್ನಾಲ್ಕು ಕವಲು ಒಡೆದ, ಚೀಲದ ಕೆಳಗಿನ ತೂತಿನಿಂದ ಬೇರು ಸುತ್ತಿ ಬಂದಿರದ ಗಿಡ ನೋಡಿ. ನರ್ಸರಿಯಲ್ಲಿ ಅದು ಹಸಿರು ಪರದೆಯ ಕೆಳಗೆ ಬೆಳೆದಿರುತ್ತದೆ. ತಂದ ದಿನವೇ ಬಯಲಿಗಿಟ್ಟರೆ ಎಲೆ ಸುಡುತ್ತದೆ. ಒಂದು ವಾರ ಬೆಳಗಿನ ಬಿಸಿಲಿಗೆ ಮಾತ್ರ ಇಟ್ಟು ರೂಢಿಮಾಡಿ, ಆಮೇಲೆ ಸಂಜೆ ಹೊತ್ತು ನೆಡಿ. ಕಪ್ಪು ಚೀಲ ಪೂರ್ತಿ ಹರಿದು ತೆಗೆಯಿರಿ. ‘ತಾನೇ ಕೊಳೆಯುತ್ತದೆ’ ಎಂದು ಹಾಗೇ ಹೂಳುವವರಿದ್ದಾರೆ, ಅದು ಕೊಳೆಯುವುದಿಲ್ಲ.

ಹಂತ 5: ಕತ್ತರಿ ಹಾಕಿ

ಹಳೆಯ ಗಿಡ ಇದ್ದವರು ತಪ್ಪಿಸುವ ಹಂತ ಇದೇ. ಚಿತ್ರಮೂಲ, ದುರಂತಾ ಎರಡೂ ಹೂ ಬಿಡುವುದು ಆ ವರ್ಷದ ಹೊಸ ಚಿಗುರಿನಲ್ಲಿ. ಹೋದ ವರ್ಷದ ಕಡ್ಡಿಗಳನ್ನು ಹಾಗೇ ಬಿಟ್ಟು ಹೂವಿಗೆ ಕಾಯ್ದರೆ ಬರುವುದು ಎರಡು ಗೊಂಚಲು. ಫೆಬ್ರುವರಿ ಮೊದಲ ವಾರ ಚಿತ್ರಮೂಲವನ್ನು ಮೂರರಲ್ಲಿ ಒಂದು ಪಾಲು ಉಳಿಯುವಂತೆ ಕತ್ತರಿಸಿ. ನೋಡಲು ಕ್ರೂರವಾಗಿ ಕಾಣುತ್ತದೆ, ಹೆದರಬೇಡಿ. ಬುಡಕ್ಕೆ ಎರೆಹುಳು ಗೊಬ್ಬರ ಎರಡು ಬೊಗಸೆ ಹಾಕಿ ನೀರು ಬಿಡಿ. ದುರಂತಾಕ್ಕೆ ತುದಿ ಅರ್ಧ ಅಡಿ ತೆಗೆದರೆ ಸಾಕು.

ಮಾರ್ಚ್ ಕೊನೆಯ ನಂತರ ದೊಡ್ಡ ಕತ್ತರಿ ಪ್ರಯೋಗ ಬೇಡ. ಒಳಗಿನ ಎಳೆ ಕಾಂಡಕ್ಕೆ ಬಿಸಿಲು ಬಿದ್ದು ಸುಟ್ಟುಹೋಗುತ್ತದೆ. ಬಾಡಿದ ಗೊಂಚಲು ಮಾತ್ರ ಚಿವುಟಿ.

ಹಂತ 6: ನೀರು ಮತ್ತು ಮುಚ್ಚಿಗೆ (ಮಾರ್ಚ್‌ನಿಂದ)

ಮುಚ್ಚಿಗೆ ಎಂದರೆ ಬುಡದ ಮಣ್ಣು ಕಾಣದಂತೆ ಒಣ ಕಸ ಹರಡುವುದು. ನಮ್ಮಲ್ಲಿ ಇದಕ್ಕೆ ಕೊರತೆಯೇ ಇಲ್ಲ: ಕಬ್ಬಿನ ರವದಿ, ತೊಗರಿ ಹೊಟ್ಟು, ಶೇಂಗಾ ಸಿಪ್ಪೆ, ಕತ್ತರಿಸಿದ ಜೋಳದ ಕಣಿಕೆ. ಹೊಲದಲ್ಲಿ ಬೆಂಕಿ ಹಚ್ಚುವ ರವದಿಯನ್ನು ಒಂದು ಹೊರೆ ತಂದಿಟ್ಟುಕೊಳ್ಳಿ. ಮೂರು ಇಂಚು ದಪ್ಪ ಹರಡಿ, ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಜಾಗ ಬಿಡಿ. ಎರೆ ಮಣ್ಣು ಬಿರುಕು ಬಿಡುವುದು ಇದರಿಂದಲೇ ಕಡಿಮೆಯಾಗುತ್ತದೆ.

ನೀರು ಹಾಕುವುದು ಬೆಳಿಗ್ಗೆ ಏಳರೊಳಗೆ. ಸಂಜೆಯ ಹೊತ್ತಿಗೆ ಮೇಲಿನ ಪ್ಲಾಸ್ಟಿಕ್ ಟ್ಯಾಂಕಿನ ನೀರು ಸುಡುತ್ತಿರುತ್ತದೆ, ಬಿಸಿಲಲ್ಲಿ ಬಿದ್ದ ಪೈಪಿನ ನೀರು ಇನ್ನೂ ಬಿಸಿ. ನೆಲದ ಗಿಡಕ್ಕೆ ಮೂರು–ನಾಲ್ಕು ದಿನಕ್ಕೊಮ್ಮೆ ಒಂದು ಕೊಡ, ನಿಧಾನವಾಗಿ, ಆಳಕ್ಕಿಳಿಯುವಂತೆ. ದಿನಾ ಒಂದು ಚೊಂಬು ಚಿಮುಕಿಸಿದರೆ ಬೇರು ಮೇಲೇ ಉಳಿದು ಸುಟ್ಟುಹೋಗುತ್ತದೆ. ಕುಂಡಕ್ಕೆ ಮೇ ತಿಂಗಳಲ್ಲಿ ದಿನಾ ಬೇಕು. ನಾಲ್ಕು ದಿನ ಊರಿಗೆ ಹೋಗುವವರು ಹಳೆಯ ಮಣ್ಣಿನ ಮಡಕೆಯೊಂದನ್ನು ಗಿಡದ ಪಕ್ಕ ಕುತ್ತಿಗೆವರೆಗೆ ಹೂಳಿ, ತುಂಬಿಸಿ, ಮುಚ್ಚಳ ಮುಚ್ಚಿ ಹೋಗಿ. ನೀರು ಜಿನುಗುತ್ತಿರುತ್ತದೆ.

ನಡುಮಧ್ಯಾಹ್ನ ಎಲೆ ಜೋತುಬಿದ್ದರೆ ಗಾಬರಿಯಾಗಿ ನೀರು ಸುರಿಯಬೇಡಿ. ಸಂಜೆ ಆರಕ್ಕೆ ನೋಡಿ. ಎದ್ದು ನಿಂತಿದ್ದರೆ ಗಿಡಕ್ಕೇನೂ ಆಗಿಲ್ಲ. ಆಗಲೂ ಜೋತಿದ್ದರೆ ಬೆರಳು ಮಣ್ಣಿಗಿಳಿಸಿ ನೋಡಿ, ಒಣಗಿದ್ದರೆ ಮಾತ್ರ ನೀರು.

ವಿಜಯಪುರ, ಬಾಗಲಕೋಟೆಯ ಬಹಳಷ್ಟು ಬೋರುಗಳ ನೀರು ಸವಳು. ಕುಂಡದ ಹೊರಮೈ ಮೇಲೆ ಬಿಳಿ ಪೊರೆ ಕಟ್ಟಿದರೆ ಉಪ್ಪು ಕೂತಿದೆ ಎಂದು ಅರ್ಥ. ತಿಂಗಳಿಗೊಮ್ಮೆ ಕುಂಡದ ತಳದಿಂದ ನೀರು ಧಾರಾಳ ಹರಿದುಹೋಗುವಷ್ಟು ಹಾಕಿ ತೊಳೆಯಿರಿ. ಆರ್‌ಒ ಯಂತ್ರ ಹೊರಬಿಡುವ ನೀರನ್ನು ಗಿಡಕ್ಕೆ ಹಾಕುವುದು ಉಳಿತಾಯವಲ್ಲ. ಬೋರಿನ ಉಪ್ಪೆಲ್ಲ ಒತ್ತಿ ಸೇರಿರುವುದು ಅದರಲ್ಲೇ, ನೆಲ ಒರೆಸಲು ಬಳಸಿ. ಎಸಿಯಿಂದ ತೊಟ್ಟಿಕ್ಕುವ ನೀರಿನಲ್ಲಿ ಉಪ್ಪು ಇಲ್ಲವೆನ್ನುವಷ್ಟು ಕಡಿಮೆ, ಅದನ್ನು ಬಕೆಟಿನಲ್ಲಿ ಹಿಡಿದು ಬ್ಲೂ ಡೇಜ್‌ಗೆ ಹಾಕಿ.

ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆ. ಮಣ್ಣಲ್ಲಿ ಕಬ್ಬಿಣ ಇರುತ್ತದೆ, ಕ್ಷಾರದಿಂದಾಗಿ ಬೇರಿಗೆ ಸಿಗುವುದಿಲ್ಲ. ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್), 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ, ಎರಡು ವಾರ ಬಿಟ್ಟು ಇನ್ನೊಮ್ಮೆ. ಹಾಗೂ ಸರಿಹೋಗದಿದ್ದರೆ ಮಣ್ಣು ಪರೀಕ್ಷೆ ಮಾಡಿಸಿ. ಬಾಗಲಕೋಟೆಯಲ್ಲಿ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವೇ ಇದೆ, ಅಲ್ಲಿ ವಿಚಾರಿಸಬಹುದು.

ಹಂತ 7: ಹೂ ನಿಲ್ಲದಂತೆ ನೋಡಿಕೊಳ್ಳಿ (ಏಪ್ರಿಲ್–ಮೇ)

ಶಂಖಪುಷ್ಪದಲ್ಲಿ ಕಾಯಿ ಬಲಿಯಲು ಬಿಟ್ಟರೆ ಹೂ ಕಡಿಮೆಯಾಗುತ್ತದೆ. ಎಳೆ ಕಾಯಿ ಕಂಡಲ್ಲಿ ಕೀಳಿ, ಬೀಜಕ್ಕೆ ಬುಡದ ಹತ್ತಿರದ ನಾಲ್ಕೈದು ಮಾತ್ರ ಬಿಡಿ. ಕಿತ್ತ ಹೂವನ್ನು ಒಣಗಿಸಿ ಚಹಾಕ್ಕೆ ಬಳಸುವವರಿದ್ದಾರೆ. ಲಿಂಬೆ ಹಿಂಡಿದರೆ ನೀಲಿ ನೇರಳೆಯಾಗುವುದನ್ನು ಮಕ್ಕಳಿಗೆ ತೋರಿಸಿ. ಹೂವಿನ ಬಣ್ಣ ಆಂಥೋಸಯಾನಿನ್ ಎಂಬ ವರ್ಣದ್ರವ್ಯದ್ದು, ಹುಳಿ ತಾಗಿದರೆ ಅದು ಬಣ್ಣ ಬದಲಿಸುತ್ತದೆ. ಬೀಜ ಮಾತ್ರ ಬಾಯಿಗೆ ಹೋಗಬಾರದು, ಭೇದಿಯಾಗುತ್ತದೆ.

ಒಣ ಬಿಸಿಲಿನ ದೊಡ್ಡ ಶತ್ರು ನುಸಿ. ಶಂಖಪುಷ್ಪದ ಎಲೆ ಮೇಲೆ ಸಣ್ಣ ಬಿಳಿ ಚುಕ್ಕೆ ಕಂಡರೆ ಎಲೆ ತಿರುವಿ ನೋಡಿ, ಧೂಳಿನಂತೆ ಓಡಾಡುತ್ತಿರುತ್ತದೆ. ಔಷಧಿಗೆ ಮೊದಲು ಬೆಳಿಗ್ಗೆ ಮೂರು ದಿನ ಎಲೆಯ ಅಡಿಗೆ ಜೋರಾಗಿ ನೀರು ಹೊಡೆಯಿರಿ, ಎಷ್ಟೋ ಸಲ ಅಷ್ಟರಲ್ಲೇ ಮುಗಿಯುತ್ತದೆ. ಕಡ್ಡಿಯ ಸಂದಿನಲ್ಲಿ ಬಿಳಿ ಹತ್ತಿಯಂಥ ಹಿಟ್ಟು ತಿಗಣೆ ಕಂಡರೆ, ಮೊದಲು ಇರುವೆ ಸಾಲು ಹುಡುಕಿ ತಡೆಯಿರಿ, ಅವುಗಳನ್ನು ಸಾಗಿಸಿ ಕಾಯುವವು ಇರುವೆಗಳೇ. ಲೀಟರಿಗೆ 5 ಮಿಲಿ ಬೇವಿನೆಣ್ಣೆ, ಸ್ವಲ್ಪ ಸೋಪಿನ ನೀರು ಬೆರೆಸಿ ಸೂರ್ಯ ಮುಳುಗಿದ ಮೇಲೆ ಸಿಂಪಡಿಸಿ. ಹಗಲು ಹೊಡೆದರೆ ಎಣ್ಣೆ ಎಲೆಯನ್ನೇ ಸುಡುತ್ತದೆ.

ಫೆಬ್ರುವರಿ ತಪ್ಪಿಹೋದವರಿಗೆ

ಏಪ್ರಿಲಿನಲ್ಲಿ ಈ ಲೇಖನ ಓದುತ್ತಿದ್ದರೆ ನೆಲಕ್ಕೆ ಏನೂ ಹಚ್ಚಬೇಡಿ. ಬೆಳೆದ ಬ್ಲೂ ಡೇಜ್ ಅಥವಾ ಗಿಡ್ಡ ರುಯೆಲಿಯಾ ತಂದು ದೊಡ್ಡ ಕುಂಡಕ್ಕೆ ಹಾಕಿ, ಪೂರ್ವದ ಕಡೆ 50 ಪ್ರತಿಶತದ ಹಸಿರು ಪರದೆಯ ಕೆಳಗೆ ಎರಡು ವಾರ ಇಡಿ. ಉಳಿದದ್ದಕ್ಕೆ ಮಿರಗ ಕಾಯಿರಿ. ಜೂನ್–ಜುಲೈ ಚಿತ್ರಮೂಲದ ಕಡ್ಡಿ ಊರಲು ಒಳ್ಳೆಯ ಕಾಲ. ತೀರ ಎಳೆಯದೂ ಅಲ್ಲದ, ತೀರ ಬಲಿತದ್ದೂ ಅಲ್ಲದ ಗೇಣುದ್ದದ ಕಡ್ಡಿ, ಕೆಳಗಿನ ಎಲೆ ತೆಗೆದು, ಉಸುಕು ಬೆರೆಸಿದ ಮಣ್ಣಿಗೆ. ಬೆಳಗಾವಿಯಲ್ಲಿ ಮಳೆ ಜೋರು, ಅಲ್ಲಿಯವರು ಕಡ್ಡಿಗಳನ್ನು ಹನಿ ನೇರ ಬೀಳದ ಕಟ್ಟೆ ಮೇಲೆ ಇಡಿ. ದಸರೆ ಹೊತ್ತಿಗೆ ಬೇರೊಡೆದ ಗಿಡಗಳನ್ನು ನೆಲಕ್ಕೆ ವರ್ಗಾಯಿಸಿದರೆ ಚಳಿಗಾಲವಿಡೀ ಬೇರು ಇಳಿಸುತ್ತವೆ, ಫೆಬ್ರುವರಿಯಲ್ಲಿ ಐದನೇ ಹಂತದಿಂದ ಶುರುಮಾಡಿ.